ಟ್ಯಾಪೆಟ್ಟಿನ ಸದ್ದು

ನಮ್ಮ ಮನೆಯ ಅಂಬಾಸಡರಿಗೆ ವಯಸ್ಸಾಗಿದೆ. ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೂ ನಮ್ಮದು ಟಕಟಕ ಎನ್ನುತ್ತ ಹೊರಟರೆ ಬೀದಿಗೆಲ್ಲ ಸುದ್ದಿ. "ಏನೂಂದ್ರೆ, ಅದರ ಬಾಯಿ ಸ್ವಲ್ಪ ಮುಚ್ಚಿಸಬಾರದೆ?" ಎಂದು ನಮ್ಮಾಕೆಯ ದೂರು.

ಮುಚ್ಚಿಸುವುದು ಸುಲಭ, ಅಪಾಯವಿರುವುದೂ ಅಲ್ಲೇ. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಒಂದಿಷ್ಟು ಸಂದು ಬೇಕು. ನಮ್ಮ 1489 ಸಿ.ಸಿ. ಎಂಜಿನ್ನಿಗೆ ಅದು ಅಂಗುಲದ ಸಾವಿರದಲ್ಲಿ 15 ಪಾಲು. ಕಾದ ಲೋಹ ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚದೆ, ತನ್ನ ಕಾವನ್ನು ಇಳಿಸಿಕೊಳ್ಳಲಾರದೆ, ಸುಟ್ಟುಹೋಗುತ್ತದೆ. ಸಂದು ಹೆಚ್ಚಾದರೆ ಗದ್ದಲ ಮಾಡಿ ತಿಳಿಸುತ್ತದೆ. ಕಡಿಮೆಯಾದರೆ ಸದ್ದಿಲ್ಲದೆ ಸುಡುತ್ತದೆ.

ಎಂಜಿನ್ನು ತಣ್ಣಗಿರುವ ಭಾನುವಾರದ ಬೆಳಿಗ್ಗೆ ನಾನು ಮುಚ್ಚಳ ತೆಗೆಯುತ್ತೇನೆ. ವಾಲ್ವುಗಳು ಎಂಟು, ಮಗ್ಗಿ ಒಂಬತ್ತರದು. ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು ನೋಡಬೇಕು, ಮೂರನೆಯದು ತೆರೆದಾಗ ಆರನೆಯದನ್ನು. ಫೀಲರ್ ಗೇಜಿನ ತಗಡು ತುಸು ಬಿಗಿಯಾಗಿ ಜಾರಬೇಕು. ಸ್ಕ್ರೂ ಹಿಡಿದುಕೊಂಡೇ ನಟ್ಟು ಬಿಗಿಯಬೇಕು. ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಇಷ್ಟಾದ ಮೇಲೂ ಸಣ್ಣಗೆ ಟಕಟಕ ಉಳಿಯುತ್ತದೆ. ಉಳಿಯಲಿ.

ಈಚೆಗೆ ಅಮ್ಮನಿಗೂ ಇವಳಿಗೂ ಎರಡು ದಿನ ಮಾತು ನಿಂತಿತ್ತು. ಬಂದ ನೆಂಟರೊಬ್ಬರು, "ಎಷ್ಟು ಶಾಂತಿ ನಿಮ್ಮ ಮನೆಯಲ್ಲಿ!" ಎಂದು ಮೆಚ್ಚಿಕೊಂಡರು. ನನ್ನ ಎದೆ ಡವಗುಟ್ಟಿತು. ಮೂರನೆಯ ದಿನ, ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂಬ ವಾದ ಅಡಿಗೆಮನೆಯಿಂದ ಜೋರಾಗಿ ಕೇಳಿಬಂದ ಮೇಲೆಯೇ ನನಗೆ ಕಾಫಿ ರುಚಿಸಿದ್ದು.