ಯಾವ ಕಂಪನಿದು ಒಳ್ಳೇದು?

ನಾವು ಐಟಿ ಮಂದಿ ಏನೇ ತಗೊಳ್ಳೋದಿದ್ದರೂ ಮೊದಲು ಒಂದು ಎಕ್ಸೆಲ್ ಶೀಟ್ ತೆರೀತೀವಿ. ಫ್ರಿಜ್ ಆಗಲಿ, ಕಾರಾಗಲಿ, ಮಗುವಿನ ಸ್ಕೂಲೇ ಆಗಲಿ. ಎಡಗಡೆ ಹೆಸರು, ಬಲಗಡೆ ಬೆಲೆ, ಮಧ್ಯದಲ್ಲಿ ಹತ್ತಾರು ಕಾಲಂ. ಹೋದ ವರ್ಷ ನಾನು ತೆರೆದ ಶೀಟಿನ ಹೆಸರು ‘1911’. ಇಸವಿ ಅಲ್ಲ, ಪಿಸ್ತೂಲಿನ ಹೆಸರು.

ಹೌದು, ಪಿಸ್ತೂಲು. ನಾವಿರೋದು ಟೆಕ್ಸಾಸ್‌ನಲ್ಲಿ, ಡಾಲಸ್ ಪಕ್ಕ. ಇಲ್ಲಿ ಅಂಗಡಿಗೆ ಹೋಗಿ ಪಿಸ್ತೂಲು ತರೋದು ಅಂಥ ದೊಡ್ಡ ಸುದ್ದಿಯಲ್ಲ. ಆದರೆ ಮೊದಲ ಹನ್ನೊಂದು ವರ್ಷ ನಮಗೆ ಆ ಪ್ರಶ್ನೆಯೇ ಇರಲಿಲ್ಲ. ಎಚ್-1ಬಿ ಥರದ ವೀಸಾದಲ್ಲಿ ಇರೋರು ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ ಅನ್ನುತ್ತೆ ಫೆಡರಲ್ ಕಾನೂನು; ಬೇಟೆ ಲೈಸೆನ್ಸ್ ಇರೋರಂಥ ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಬಂದ ಮೇಲೆ ಆ ಅಡ್ಡಿ ಹೋಯ್ತು. ನಮ್ಮ ಟೀಮಿನ ಒಬ್ಬಾಕೆ, ಇಲ್ಲೇ ಹುಟ್ಟಿ ಬೆಳೆದವಳು, ಒಂದು ಶನಿವಾರ ಶೂಟಿಂಗ್ ರೇಂಜಿಗೆ ಕರಕೊಂಡು ಹೋದಳು. ಮುಂದಿನ ಶನಿವಾರ ನಾನೇ ಅವಳನ್ನ ಕರೆದೆ.

ಬಂದೂಕು ಅಂದರೆ ನನಗೆ ಪೂರಾ ಹೊಸದೇನೂ ಅಲ್ಲ. ತೀರ್ಥಹಳ್ಳಿ ಕಡೆ ನಮ್ಮಜ್ಜನ ಮನೇಲಿ ಒಂಟಿ ನಳಿಗೆಯ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸು. ಅಡಿಕೆ ತೋಟಕ್ಕೆ ಮಂಗ ಬಂದರೆ, ಗದ್ದೆಗೆ ಹಂದಿ ನುಗ್ಗಿದರೆ ಅಜ್ಜ ಅಂಗಳಕ್ಕೆ ಇಳಿದು ಆಕಾಶಕ್ಕೆ ಒಂದು ಈಡು ಹಾರಿಸೋರು. ಕೋವಿ ಒಳಗಿನ ಕೋಣೆಯ ಗೋಡೇಲಿ, ತೋಟಾ ಅಜ್ಜಿಯ ಟ್ರಂಕಿನಲ್ಲಿ, ಟ್ರಂಕಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಚುನಾವಣೆ ಬಂತು ಅಂದರೆ ಕೋವಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ಡಿಪಾಸಿಟ್ ಆಗ್ತಿತ್ತು, ಫಲಿತಾಂಶ ಬಂದ ಮೇಲೆ ವಾಪಸ್ ಬರ್ತಿತ್ತು. ನಮ್ಮ ಮಟ್ಟಿಗೆ ಅದು ಹಾರೆ, ಪಿಕಾಸಿ, ದೋಟಿ ಜೊತೆ ಸೇರುವ ಇನ್ನೊಂದು ಸಾಮಾನು.

ರೇಂಜಿನಲ್ಲಿ ನನ್ನ ಕೈಗೆ ಮೊದಲು ಕೊಟ್ಟದ್ದು ಈಗಿನ ಕಾಲದ ಪ್ಲಾಸ್ಟಿಕ್ ಮೈಯ ಪಿಸ್ತೂಲು. ಹಗುರ, ಹದಿನೇಳು ಗುಂಡು ಹಿಡಿಯುತ್ತೆ, ಯಾವ ತಕರಾರೂ ಇಲ್ಲ. ಆಮೇಲೆ ಒಂದು 1911 ಕೊಟ್ಟರು. ಪೂರಾ ಉಕ್ಕು, ಖಾಲಿ ಇದ್ದಾಗಲೇ ಒಂದು ಕಿಲೋ ಮೇಲೆ ತೂಕ, ಮ್ಯಾಗಜೀನಿನಲ್ಲಿ ಬರೀ ಏಳು ಗುಂಡು. ಲೆಕ್ಕದ ಪ್ರಕಾರ ಎಲ್ಲದರಲ್ಲೂ ಹಿಂದೆ. ಆದರೆ ಗುರಿ ಹಲಗೆ ಹತ್ತಿರ ತಂದು ನೋಡಿದರೆ ನನ್ನ ತೂತುಗಳೆಲ್ಲ ಒಂದು ಅಂಗೈ ಅಗಲದೊಳಗೆ ಇದ್ದವು.

ಕಾರಣ ಟ್ರಿಗರ್. ಬಹುಪಾಲು ಪಿಸ್ತೂಲುಗಳಲ್ಲಿ ಟ್ರಿಗರ್ ಒಂದು ಮೊಳೆಗೆ ನೇತುಬಿದ್ದು ತೂಗುತ್ತೆ. 1911ರಲ್ಲಿ ಅದು ಮೇಜಿನ ಡ್ರಾಯರ್ ಥರ ನೇರ ಹಿಂದಕ್ಕೆ ಸರಿಯುತ್ತೆ. ಸುತ್ತಿಗೆ ಮೊದಲೇ ಎದ್ದು ಕೂತಿರುತ್ತೆ, ಬೆರಳು ಮಾಡಬೇಕಾದ ಕೆಲಸ ಚೂರೇ ಚೂರು, ಹಾಗಾಗಿ ಕೈ ಅಲುಗಲ್ಲ. ಗುಂಡುಗಳು ಒಂದೇ ಸಾಲಿನಲ್ಲಿ ಕೂರೋದರಿಂದ ಹಿಡಿ ತೆಳ್ಳಗೆ. ನನ್ನಂಥ ಚಿಕ್ಕ ಕೈಯವರಿಗೂ ಹಿಡಿತ ಸಿಗುತ್ತೆ. ಎರಡು ಸುರಕ್ಷೆಯ ಕೀಲಿ ಬೇರೆ: ಒಂದು ಹೆಬ್ಬೆರಳಿನ ಹತ್ತಿರ, ಇನ್ನೊಂದು ಹಿಡಿಯ ಹಿಂಭಾಗದಲ್ಲಿ. ಅಂಗೈ ಗಟ್ಟಿಯಾಗಿ ಒತ್ತದಿದ್ದರೆ ಗುಂಡು ಹಾರೋದೇ ಇಲ್ಲ. ನೂರು ವರ್ಷ ದಾಟಿದ ಯಂತ್ರ ಇಷ್ಟು ಮರ್ಯಾದಸ್ಥ ಆಗಿರುತ್ತೆ ಅಂದುಕೊಂಡಿರಲಿಲ್ಲ.

ಅದರ ಹುಟ್ಟಿನ ಕಥೆ ಅಷ್ಟು ಮರ್ಯಾದೆಯದಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಸೈನ್ಯ ಫಿಲಿಪ್ಪೀನ್ಸ್‌ನಲ್ಲಿ ಯುದ್ಧ ಮಾಡ್ತಿತ್ತು. ತಮ್ಮ .38 ರಿವಾಲ್ವರಿನ ಗುಂಡು ಬಿದ್ದರೂ ಮೋರೋ ಹೋರಾಟಗಾರರು ನಿಲ್ಲೋದಿಲ್ಲ, ಮೇಲೆ ಬಿದ್ದೇ ಬರ್ತಾರೆ ಅಂತ ಸೈನಿಕರ ದೂರು. 1904ರಲ್ಲಿ ಸೈನ್ಯ ಶಿಕಾಗೋದ ಕಸಾಯಿಖಾನೆಯಲ್ಲಿ ದನಗಳ ಮೇಲೂ, ಹೆಣಗಳ ಮೇಲೂ ಪರೀಕ್ಷೆ ನಡೆಸಿ, ಗುಂಡು .45ಕ್ಕಿಂತ ಸಣ್ಣದಿರಬಾರದು ಅಂತ ತೀರ್ಮಾನಿಸಿತು. ಯೂಟಾದ ಆಗ್ಡೆನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್ ಅದಕ್ಕೆ ತಕ್ಕ ಪಿಸ್ತೂಲು ರೂಪಿಸಿದ, ಕೋಲ್ಟ್ ಕಂಪನಿ ತಯಾರಿಸಿತು. ಕೊನೆಯ ಪರೀಕ್ಷೆಯಲ್ಲಿ 6000 ಗುಂಡು ಹಾರಿಸಿದರೂ ಅದು ಒಮ್ಮೆಯೂ ಕೈಕೊಡಲಿಲ್ಲ. 1911ರ ಮಾರ್ಚ್ 29ರಂದು ಸೈನ್ಯಕ್ಕೆ ಸೇರಿ, 1985ರಲ್ಲಿ ಬೆರೆಟ್ಟಾ ಬರೋವರೆಗೂ ಅಧಿಕೃತ ಪಿಸ್ತೂಲಾಗಿ ಉಳಿಯಿತು.

ಈಗ ಪೇಟೆಂಟ್ ಯಾವುದೂ ಇಲ್ಲ, ಯಾರು ಬೇಕಾದರೂ ಮಾಡಬಹುದು. ತಲೆನೋವು ಶುರುವಾಗೋದೇ ಅಲ್ಲಿ. ನನ್ನ ಶೀಟಿನಲ್ಲಿ ಹದಿನಾಲ್ಕು ಹೆಸರು ಸೇರಿದವು.

ಮೊದಲನೇದು ಕೋಲ್ಟ್. ಮೂಲ ಮನೆತನ. ಸ್ಲೈಡಿನ ಮೇಲೆ ಆ ಕುದುರೆಯ ಗುರುತು ನೋಡಿದರೆ ಸಾಕು, ಅಂಗಡಿಯವರ ದನಿಯೇ ಬದಲಾಗುತ್ತೆ. ಆದರೆ ಮನೆತನ ದೊಡ್ಡದಾದ ಮಾತ್ರಕ್ಕೆ ಕಷ್ಟ ಬರೋದಿಲ್ಲ ಅಂತೇನಿಲ್ಲ. 2015ರಲ್ಲಿ ಕೋಲ್ಟ್ ದಿವಾಳಿ ರಕ್ಷಣೆ ಕೋರಿತು, 2021ರಲ್ಲಿ ಝೆಕ್ ದೇಶದ ಸಿಝಡ್ ಸಮೂಹ ಅದನ್ನ ಕೊಂಡುಕೊಂಡಿತು.

ಎರಡನೇದು ಸ್ಪ್ರಿಂಗ್‌ಫೀಲ್ಡ್ ಆರ್ಮರಿ. ಹೆಸರು ಕೇಳಿದರೆ ಮ್ಯಾಸಚೂಸೆಟ್ಸ್‌ನ ಹಳೇ ಸರ್ಕಾರಿ ಕಾರ್ಖಾನೆ ನೆನಪಾಗಬೇಕು. ಆದರೆ ಅದು 1968ರಲ್ಲೇ ಮುಚ್ಚಿತು. ಈಗಿನದು ಇಲಿನಾಯ್ಸ್‌ನ ಖಾಸಗಿ ಕಂಪನಿ, ಹೆಸರು ಮಾತ್ರ ತಗೊಂಡಿದೆ. ಅದರ 1911ಗಳ ಫ್ರೇಮು ಬಹಳ ಕಾಲದಿಂದ ಬರ್ತಿರೋದು ಬ್ರೆಜಿಲ್ ಸರ್ಕಾರದ ಇಂಬೆಲ್ ಕಾರ್ಖಾನೆಯಿಂದ. ಕಾಯಿಸಿ ಬಡಿದು ರೂಪ ಕೊಟ್ಟ ಉಕ್ಕು, ಅದಕ್ಕೇ ಅಭಿಮಾನಿಗಳು ಜಾಸ್ತಿ. ರೂಗರ್‌ದು ಎರಕ ಹೊಯ್ದ ಫ್ರೇಮು. ಎರಕವೋ ಬಡಿದದ್ದೋ ಅನ್ನುವ ಜಗಳ ಇಲ್ಲಿ ನಮ್ಮ ಫಿಲ್ಟರ್ ಕಾಫಿಗೆ ಚಿಕೋರಿ ಬೇಕೋ ಬೇಡವೋ ಅನ್ನುವ ಜಗಳದ ಹಾಗೆ, ಮುಗಿಯೋದಿಲ್ಲ. ರೂಗರ್ ಎರಕದಲ್ಲಿ ಪಳಗಿದ ಕಂಪನಿ, ನನ್ನ ಜನ್ಮದಲ್ಲಿ ನಾನು ಹಾರಿಸುವಷ್ಟು ಗುಂಡಿಗೆ ಎರಡೂ ಸಾಕು.

500 ಡಾಲರ್ ಆಸುಪಾಸಿನಲ್ಲಿ ರಾಕ್ ಐಲ್ಯಾಂಡ್. ಹೆಸರು ಪಕ್ಕಾ ಅಮೆರಿಕದ್ದು, ತಯಾರಾಗೋದು ಫಿಲಿಪ್ಪೀನ್ಸ್‌ನಲ್ಲಿ, ಆರ್ಮ್‌ಸ್ಕಾರ್ ಅನ್ನುವ ಕಂಪನಿಯದು. ಯಾವ ದೇಶದ ಜನರನ್ನು ನಿಲ್ಲಿಸೋಕೆ ಈ ಪಿಸ್ತೂಲು ಬೇಕಾಯಿತೋ, ಅದೇ ದೇಶದವರು ಇವತ್ತು ಅದನ್ನ ಮಾಡಿ ಅಮೆರಿಕದ ಮಧ್ಯಮ ವರ್ಗಕ್ಕೆ ಅಗ್ಗಕ್ಕೆ ಮಾರ್ತಿದ್ದಾರೆ. ಇದೇ ಬೆಲೆಗೆ ಟರ್ಕಿಯ ಟಿಸಾಸ್ ಕೂಡ ಸಿಗುತ್ತೆ. ಇನ್ನೊಂದು ತುದಿಯಲ್ಲಿ ವಿಲ್ಸನ್ ಕಾಂಬ್ಯಾಟ್, ನೈಟ್‌ಹಾಕ್ ಥರದವರು. ಒಂದೊಂದು ಭಾಗವನ್ನೂ ಕೈಯಿಂದ ಉಜ್ಜಿ ಕೂರಿಸ್ತಾರೆ. ಬೆಲೆ 3000 ಡಾಲರ್ ದಾಟುತ್ತೆ. ಒಬ್ಬರ ಹತ್ತಿರ ಇದ್ದದ್ದನ್ನ ಮುಟ್ಟಿ ನೋಡಿದೆ. ಸ್ಲೈಡ್ ಬೆಣ್ಣೆ ಮೇಲೆ ಸರಿದ ಹಾಗೆ ಸರೀತು. ಕೈಮುಗಿದು ವಾಪಸ್ ಕೊಟ್ಟೆ.

ಇದರ ಮಧ್ಯೆ ನನಗೆ ತುಂಬ ಇಷ್ಟವಾದ ಒಂದು ವಿಷಯ: ಎರಡನೇ ಮಹಾಯುದ್ಧದಲ್ಲಿ ಈ ಪಿಸ್ತೂಲನ್ನ ಎಲ್ಲರಿಗಿಂತ ಹೆಚ್ಚು ಮಾಡಿದ್ದು ಟೈಪ್‌ರೈಟರ್ ಕಂಪನಿ, ರೆಮಿಂಗ್ಟನ್ ರ್‍ಯಾಂಡ್. ನಮ್ಮ ಅಮ್ಮಂದಿರ ಹೊಲಿಗೆ ಮಿಷನ್ನಿನ ಸಿಂಗರ್ ಕಂಪನಿ ಕೂಡ 500 ಪಿಸ್ತೂಲು ಮಾಡಿಕೊಟ್ಟಿತ್ತು. ಇವತ್ತು ಅವುಗಳಲ್ಲಿ ಒಂದು ಸಿಕ್ಕರೆ ಸಂಗ್ರಾಹಕರು ಕಾದು ಕೂತಿರ್ತಾರೆ. ಲಕ್ಷ ಡಾಲರ್ ದಾಟಿ ಹರಾಜಾಗಿದ್ದೂ ಇದೆ. ಬ್ರ್ಯಾಂಡ್ ಅಂದರೇನು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ. ನಕ್ಷೆ ಸರಿ ಇದ್ದು, ಅಳತೆ ಸರಿ ಇದ್ದರೆ, ಹೊಲಿಗೆ ಮಿಷನ್ ಮಾಡೋರೂ ಸಾಕು.

ರೇಂಜಿನಲ್ಲಿ ಬಾಡಿಗೆಗೆ ಸಿಗೋದರಲ್ಲಿ ನಾಲ್ಕನ್ನ ಹಾರಿಸಿ ನೋಡಿದೆ. ಒಂದು ಐವತ್ತು ಗುಂಡಿಗೆ ಮೂರು ಸಲ ಸಿಕ್ಕಿಹಾಕಿಕೊಂಡಿತು. ಯಾವ ಕಂಪನಿದು ಅಂತ ಹೇಳಲ್ಲ. ಬಾಡಿಗೆ ಪಿಸ್ತೂಲಿನ ಮೇಲೆ ಎಷ್ಟು ಜನರ ಕೈ ಬಿದ್ದಿರುತ್ತೋ.

ಅಷ್ಟರಲ್ಲಿ ನನ್ನ ಗಂಡ ಶೀಟ್ ನೋಡಿದ. ಅವನು ಯಾವ ಕಾಲಮ್ಮನ್ನೂ ಓದಲಿಲ್ಲ.

“ಇದನ್ನ ಎಲ್ಲಿಡ್ತೀಯ?” ಅಂದ.

“ಬೆಡ್‌ರೂಮಲ್ಲಿ. ಲಾಕರ್ ತಗೊಳ್ತೀನಿ, ಬೆರಳಚ್ಚಿನದು.”

“ಪುಟ್ಟಿಗೆ ಈಗ ಏಳು. ಏಳು ವರ್ಷದವಳಿಂದ ಬಚ್ಚಿಡಬಹುದು ಕಣೇ. ಹದಿನೈದಾದಾಗ?”

ನಾನು ಟೆಕ್ಸಾಸ್ ಕಾನೂನು ಹೇಳೋಕೆ ಹೊರಟೆ. ಹದಿನೇಳರ ಒಳಗಿನ ಮಕ್ಕಳ ಕೈಗೆ ಸಿಗೋ ಹಾಗೆ ಗುಂಡು ತುಂಬಿದ ಬಂದೂಕು ಬಿಟ್ಟರೆ ಅದು ಅಪರಾಧ, ನಾನು ಹಾಗೆ ಬಿಡೋಳಲ್ಲ ಅಂತೆಲ್ಲ. ಅವನು ತಲೆ ಅಲ್ಲಾಡಿಸಿದ. “ಆಟ ಆಡ್ಕೊಂಡು ಹಾರಿಸಿಬಿಡ್ತಾಳೆ ಅಂತ ನನ್ನ ಭಯ ಅಲ್ಲ” ಅಂದ. ಮುಂದೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಮೆರಿಕದಲ್ಲಿ ಬಂದೂಕಿನಿಂದ ಸಾಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡೋರು. ಕೊಲೆ, ಶಾಲೆಯ ಗುಂಡಿನ ದಾಳಿ ಇವೆಲ್ಲ ಟಿವಿಯಲ್ಲಿ ಬರುತ್ತೆ, ಇದು ಬರೋದಿಲ್ಲ. ಮಾತ್ರೆ ನುಂಗಿದವರಲ್ಲಿ ಬಹುಪಾಲು ಜನ ಬದುಕಿ ಉಳೀತಾರೆ, ಬಂದೂಕು ಹಿಡಿದವರಲ್ಲಿ ಬಹುಪಾಲು ಜನ ಉಳಿಯಲ್ಲ. ಪರೀಕ್ಷೆ ಕೆಟ್ಟ ಒಂದು ಸಂಜೆ, ಯಾರೋ ಏನೋ ಅಂದ ಒಂದು ರಾತ್ರಿ, ಆ ಹತ್ತು ನಿಮಿಷ ಕಳೆದರೆ ಮತ್ತೆ ಬೆಳಗಾಗುತ್ತೆ. ಆ ಹತ್ತು ನಿಮಿಷದಲ್ಲಿ ಮನೇಲಿ ಏನು ಕೈಗೆ ಸಿಗುತ್ತೆ ಅನ್ನೋದೇ ಪ್ರಶ್ನೆ. ಮಗಳದಷ್ಟೇ ಅಲ್ಲ. ಕೆಲಸ ಹೋದ ಗಂಡನದೂ, ನಿದ್ದೆ ಬರದ ಹೆಂಡತಿಯದೂ ಅದೇ ಪ್ರಶ್ನೆ.

ಎರಡು ವಾರ ಶೀಟ್ ಮುಟ್ಟಲಿಲ್ಲ. ಆಮೇಲೆ ಹೊಳೆದದ್ದು ಇಷ್ಟು: ಯಾವ ಕಂಪನಿ ಅನ್ನುವ ಪ್ರಶ್ನೆಗಿಂತ ಮೊದಲು ಯಾತಕ್ಕೆ ಅನ್ನುವ ಪ್ರಶ್ನೆ ಬರಬೇಕು. ಕಳ್ಳ ಬಂದರೆ ಅಂತ ಇಟ್ಟುಕೊಳ್ಳೋದಾದರೆ ಪಿಸ್ತೂಲು ಗುಂಡು ತುಂಬಿಕೊಂಡು ಹಾಸಿಗೆ ಪಕ್ಕದಲ್ಲಿರಬೇಕು. ಬೇಗ ಸಿಗದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಕಳ್ಳನಿಗಿಂತ ಬೇಗ ನನಗೆ ಸಿಗಬೇಕು ಅಂದರೆ, ಮನೆಯವರಿಗೂ ಬೇಗ ಸಿಗುತ್ತೆ. ಆದರೆ ನನಗೆ ಬೇಕಿದ್ದದ್ದು ಶನಿವಾರದ ಗುರಿ ಹಲಗೆ. ಅದಕ್ಕೆ ಬೇಗ ಸಿಗುವ ಅಗತ್ಯವೇ ಇಲ್ಲ. ಅಜ್ಜನ ಮನೆಯ ವ್ಯವಸ್ಥೆ ಸಾಕು: ಕೋವಿ ಒಬ್ಬರ ಕೈಲಿ, ತೋಟಾ ಇನ್ನೊಬ್ಬರ ಬೀಗದಲ್ಲಿ.

ಯಾತಕ್ಕೆ ಅನ್ನೋದು ತೀರ್ಮಾನ ಆದ ಕೂಡಲೇ ಶೀಟಿನ ಅರ್ಧ ಸಾಲು ತಾವಾಗಿಯೇ ಅಳಿಸಿಹೋದವು. ಜೇಬಲ್ಲಿಡುವ ಗಿಡ್ಡ ಮಾಡೆಲ್ ಬೇಡ, ಪೂರಾ ಐದಿಂಚು ನಳಿಗೆಯದೇ ಇರಲಿ. .45 ಬೇಡ, 9 ಎಂಎಂ ಸಾಕು; ಗುಂಡಿನ ಖರ್ಚೂ ಕಮ್ಮಿ, ಒದೆತವೂ ಕಮ್ಮಿ. 3000 ಡಾಲರಿನದು ನನ್ನ ಕೈಚಳಕಕ್ಕೆ ಅತಿಯಾಯ್ತು. ಉಳಿದದ್ದು ಸ್ಪ್ರಿಂಗ್‌ಫೀಲ್ಡ್ ಮತ್ತು ರೂಗರ್. ಎರಡನ್ನೂ ಒಂದೇ ದಿನ ಹಿಡಿದು ನೋಡಿ, ಹೆಬ್ಬೆರಳು ಸುರಕ್ಷೆ ಕೀಲಿಗೆ ಸಲೀಸಾಗಿ ಮುಟ್ಟಿದ ಸ್ಪ್ರಿಂಗ್‌ಫೀಲ್ಡ್ ಆಯ್ಕೆ ಮಾಡಿದೆ. ನಿಮ್ಮ ಕೈಗೆ ಬೇರೆಯದು ಹೊಂದಬಹುದು. ಬಾಡಿಗೆಗೆ ತಗೊಂಡು ನೂರು ಗುಂಡು ಹಾರಿಸದೆ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. “ಅಲ್ಲ ಕಣೇ, ಆಯುಧಪೂಜೆಗೆ ಕುಂಕುಮ ಹಚ್ಚೋಕೆ ನಿಂಗೆ ಈಳಿಗೆಮಣೆ ಸಾಲಲ್ವಾ?” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೀಗದ ಕೈ ಯಾರ ಹತ್ರ?” ಅಂತ ಕೇಳಿದಳು. ಬ್ರ್ಯಾಂಡ್ ಕೇಳಲಿಲ್ಲ.

ಅಂಗಡೀಲಿ ಫಾರಂ 4473 ತುಂಬಿಸಿದೆ. ಬ್ಯಾಕ್‌ಗ್ರೌಂಡ್ ಚೆಕ್ ಮುಗೀತು, ಕಾನೂನಿನಂತೆ ಅಂಗಡಿಯವನು ಒಂದು ಬೀಗವನ್ನೂ ಕೊಟ್ಟ. ಮನೇಲಿ ಈಗ ಪಿಸ್ತೂಲು ಉಕ್ಕಿನ ಪೆಟ್ಟಿಗೆಯಲ್ಲಿ, ಖಾಲಿ. ಅದರ ನಂಬರ್ ನನಗೆ ಗೊತ್ತು. ಮನೇಲಿ ಗುಂಡು ಇಡಲ್ಲ. ಶನಿವಾರ ರೇಂಜಿನಲ್ಲೇ ಕೊಂಡು ಅಲ್ಲೇ ಖಾಲಿ ಮಾಡಿ ಬರ್ತೀನಿ. ಪೆಟ್ಟಿಗೆಗೆ ಹೊರಗಿನಿಂದ ಇನ್ನೊಂದು ಬೀಗ ಇದೆ, ಅದರ ಕೈ ಗಂಡನ ಹತ್ತಿರ. ಶನಿವಾರ ಬೆಳಗ್ಗೆ ನಾನು ಕೇಳ್ತೀನಿ, ಅವನು ಕೊಡ್ತಾನೆ. ಮಗಳಿಗೆ ಹನ್ನೆರಡು ತುಂಬಿದಾಗ ಕೂತು ಮತ್ತೆ ಮಾತಾಡೋದು ಅಂತ ಒಪ್ಪಂದ ಆಗಿದೆ. ಅವತ್ತು ಅವನು ಮಾರಿಬಿಡು ಅಂದರೆ ಮಾರ್ತೀನಿ. ಅದಕ್ಕೂ ಒಂದು ಒಳ್ಳೇ ಕಂಪನಿದು ತಗೊಂಡಿದ್ದೇ ಒಳ್ಳೇದಾಯ್ತು, ರೀಸೇಲ್ ಚೆನ್ನಾಗಿದೆ.