ಕೊಳ್ಳೇಗಾಲಕ್ಕೆ ಹೊರಡುವ ಮುನ್ನ ಗಾಡಿಯ ಕಾಗದ ನೋಡಿ

ಮನೆಯಲ್ಲಿ ಮದುವೆ ನಿಶ್ಚಯವಾದರೆ ನಮ್ಮ ಮೈಸೂರು ಕಡೆಯ ಹೆಂಗಸರ ಬಾಯಲ್ಲಿ ಮೊದಲು ಬರುವ ಊರು ಕೊಳ್ಳೇಗಾಲ. ಸೀರೆ ನೇಯುವ ಊರಿನಲ್ಲೇ ಸೀರೆ ಕೊಳ್ಳುವ ಖುಷಿಯೇ ಬೇರೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲೂಕು ಇದು. ಸಂತೆಯಲ್ಲಿ ನಿಂತರೆ ಕನ್ನಡ, ತಮಿಳು, ನಮ್ಮ ಉರ್ದು ಮೂರೂ ಕಿವಿಗೆ ಬೀಳುತ್ತವೆ. ಸೀರೆಯ ನೆಪದಲ್ಲಿ ಹೊರಟವರು ಅಲ್ಲಿಗೇ ನಿಲ್ಲುವುದೂ ಇಲ್ಲ. ಮಕ್ಕಳಿಗೆ ಭರಚುಕ್ಕಿ ಜಲಪಾತ ನೋಡಬೇಕು, ಹಿರಿಯರಿಗೆ ಶಿವನಸಮುದ್ರದ ಮರ್ದಾನೆ ಗೈಬ್ ದರ್ಗಾದ ಕಡೆ ಹೋಗಬೇಕು, ಹನೂರಿನಲ್ಲೊಬ್ಬರು ನೆಂಟರು ಇದ್ದೇ ಇರುತ್ತಾರೆ.

ನೀವೂ ಹೀಗೆ ಹೊರಟಿದ್ದೀರಾ? ಹಾಗಾದರೆ ಬುತ್ತಿ ಕಟ್ಟುವ ಮೊದಲು ಒಂದು ಮಾತು ಕೇಳಿ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಊರಿಗೂ ರೈಲಿಲ್ಲ. ಆನ್‌ಲೈನ್ ರೈಲು ಟಿಕೆಟಿನ ಜೊತೆ ಪೈಸೆಗಳ ಲೆಕ್ಕದಲ್ಲಿ ಸಿಗುವ ವಿಮೆ ಇಲ್ಲಿ ಉಪಯೋಗಕ್ಕೆ ಬಾರದು. 'ಟ್ರಾವೆಲ್ ಇನ್ಶೂರೆನ್ಸ್' ಎಂದು ಮಾರುವ ಪಾಲಿಸಿಗಳಲ್ಲಿ ಕೆಲವು ಮನೆಯಿಂದ ನೂರು, ನೂರೈವತ್ತು ಕಿಲೋಮೀಟರ್ ದಾಟಿದ ಮೇಲಷ್ಟೇ ಅನ್ವಯವಾಗುತ್ತವೆ. ಮೈಸೂರಿನಿಂದ ಕೊಳ್ಳೇಗಾಲಕ್ಕೆ ಇರುವುದೇ ಸುಮಾರು 60 ಕಿ.ಮೀ. ಹಾಗಾಗಿ ಇಂಥ ಪ್ರಯಾಣದಲ್ಲಿ ನಿಮ್ಮನ್ನು ಕಾಯುವುದು ನೀವು ಕುಳಿತ ಗಾಡಿಯ ವಿಮೆ. ಅದನ್ನು ನಾವು ಯಾರೂ ಕೇಳುವುದಿಲ್ಲ. ಕೇಳಿದರೆ ಗಾಡಿಯವರಿಗೆ ಬೇಸರವಾದೀತೆಂಬ ಸಂಕೋಚ!

ನಾವೂ ಕೇಳಲಿಲ್ಲ. 2022ರಲ್ಲಿ ನನ್ನ ತಂಗಿಯ ಮಗಳ ಮದುವೆಯ ಸೀರೆಗೆಂದು ಒಂಬತ್ತು ಜನ ಹೊರಟೆವು. ಪರಿಚಯದವರ ಬಿಳಿ ಬೋರ್ಡಿನ ವ್ಯಾನು. ಡೀಸೆಲ್ ನಮ್ಮದು, ಮೇಲೆ ಎರಡು ಸಾವಿರ. ಸೀರೆ ಕೊಂಡು, ಹನೂರಿನಲ್ಲಿ ಊಟ ಮುಗಿಸಿ ಹಿಂದಿರುಗುವಾಗ ಕಾಮಗೆರೆಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ವ್ಯಾನು ಹಳ್ಳಕ್ಕಿಳಿಯಿತು. ಅಲ್ಲಾಹನ ದಯೆ, ಜೀವಕ್ಕೆ ಏನೂ ಆಗಲಿಲ್ಲ. ಆದರೆ ಖಾಲಾಳ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ, ಔಷಧಿ ಎಲ್ಲ ಸೇರಿ ಎರಡು ಲಕ್ಷ ದಾಟಿತು.

ವಿಮೆಯವರು ಬಂದು ಕೇಳಿದ ಮೊದಲ ಪ್ರಶ್ನೆ: "ಬಾಡಿಗೆ ಎಷ್ಟು ಕೊಟ್ಟಿರಿ?" ಖಾಲಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದು ಪಾಲಿಸಿಯ ಷರತ್ತಿಗೆ ವಿರುದ್ಧ. ಮೇಲಾಗಿ ಅದು ಬರೀ ಥರ್ಡ್ ಪಾರ್ಟಿ ಪಾಲಿಸಿ. ಒಂದು ರೂಪಾಯಿಯೂ ಬರಲಿಲ್ಲ. "ಸುಮ್ಮನೆ ಕರೆದುಕೊಂಡು ಬಂದರು ಎನ್ನಬಾರದಿತ್ತೇ" ಎಂದು ಸಂಬಂಧಿಕರು ಗೊಣಗಿದರು. "ಸುಳ್ಳು ಹೇಳಿ ತಂದ ದುಡ್ಡಲ್ಲಿ ನಾನು ಎದ್ದು ನಡೆಯಬೇಕಾ?" ಎಂದರು ಖಾಲಾ. ಆಸ್ಪತ್ರೆಯ ಬಿಲ್ಲಿಗೆ ಅವರ ನಾಲ್ಕು ಬಳೆ ಹೋದವು.

ಇಲ್ಲಿ ನಾವು ತಿಳಿಯಬೇಕಾದ್ದು ಇಷ್ಟು. ಥರ್ಡ್ ಪಾರ್ಟಿ ವಿಮೆ ಕಾನೂನಿನಂತೆ ಕಡ್ಡಾಯ. ಆದರೆ ಖಾಸಗಿ ಕಾರಿನ ಒಳಗೆ ಕುಳಿತವರಿಗೆ ಅದು ಸಾಲದು. ಪ್ಯಾಕೇಜ್ ಪಾಲಿಸಿ, ಅಂದರೆ ಸಮಗ್ರ ವಿಮೆ ಇರಬೇಕು. ಹೆಚ್ಚುವರಿ ಕಂತು ಕಟ್ಟಿ ಪ್ರಯಾಣಿಕರ ಅಪಘಾತ ವಿಮೆಯನ್ನೂ ಸೇರಿಸಬಹುದು. ಬಾಡಿಗೆ ಕೊಡುವುದಾದರೆ ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ, ಸೀಟಿಗಿಂತ ಹೆಚ್ಚು ಜನ ಹತ್ತಬೇಡಿ. ಮದುವೆ ದಿಬ್ಬಣವೆಂದು ಗೂಡ್ಸ್ ಆಟೋದ ಹಿಂದೆ ಕೂರುವುದಂತೂ ಬೇಡವೇ ಬೇಡ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರ ಹೊಣೆ ವಿಮಾ ಕಂಪೆನಿಯದಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಗಾಡಿಯ ನಂಬರ್ ಹಾಕಿದರೆ ವಿಮೆ ಎಲ್ಲಿಯವರೆಗೆ ಇದೆಯೆಂದು ಎಂಪರಿವಾಹನ್ ಆ್ಯಪ್ ತೋರಿಸುತ್ತದೆ. ಮನೆಯ ಹುಡುಗರಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಸರಕಾರಿ ಬಸ್ಸಿನಲ್ಲಿ ಹೋಗುವವರು ಟಿಕೆಟನ್ನು ಕಿಟಕಿಯಿಂದ ಎಸೆಯಬೇಡಿ. ಶಕ್ತಿ ಯೋಜನೆಯ ಉಚಿತ ಟಿಕೆಟಾದರೂ ಕೇಳಿ ಪಡೆದು ಪರ್ಸಿನಲ್ಲಿಡಿ. ನೀವು ಆ ಬಸ್ಸಿನಲ್ಲಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದವರಿಗಿದೆ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ. ಆಸ್ಪತ್ರೆ ಬಿಲ್ಲಿಗೆ ಅದು ಬಾರದು, ಅದಕ್ಕೆ ಆರೋಗ್ಯ ವಿಮೆಯೇ ಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಖಾಲಾ ಬಿದ್ದಾಗ ಇದಿರಲಿಲ್ಲ. ವಿಮೆಯೇ ಸರಿಯೇ ಎಂಬ ಧಾರ್ಮಿಕ ಪ್ರಶ್ನೆ ಕೆಲವರಿಗಿದೆ. ಅದನ್ನು ತಿಳಿದ ಆಲಿಮರ ಬಳಿ ಕೇಳಿಕೊಳ್ಳಿ, ಆದರೆ ಹೊರಡುವ ದಿನದವರೆಗೆ ಕಾಯಬೇಡಿ.

ಕಳೆದ ಚಳಿಗಾಲದಲ್ಲಿ ಮತ್ತೆ ಹೋದೆವು, ಈ ಸಲ ಹಳದಿ ಬೋರ್ಡಿನ ಟೆಂಪೋದಲ್ಲಿ. ಚಾಲಕ ಬೇಸರಪಡದೆ ಕಾಗದ ತೋರಿಸಿದ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗಿ, ದಿವಾನ್ ಪೂರ್ಣಯ್ಯನವರ ವಂಶದವರ ಜಹಗೀರಿಯಾಗಿದ್ದ ಆ ಪುಟ್ಟ ಊರಿನ ಬೀದಿಗಳಲ್ಲಿ ನಡೆದೆವು. ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವುದಾದರೆ ಬೇಗ ಹೊರಡಿ, ಹುಲಿ ಸಂರಕ್ಷಿತ ಕಾಡಿನ ಗೇಟು ಸಂಜೆಗೆ ಮುಚ್ಚುತ್ತದೆ. ನಮಗೆ ಹೊತ್ತಾಗಿತ್ತು, ಹೋಗಲಿಲ್ಲ. ಗೌರೀಶ್ವರ ದೇವಾಲಯದ ಮುಂದಿನ ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಕೊರೆದು ಕೋದ ಬಳೆಗಳ ಸರಪಳಿ ಇದೆ. ಖಾಲಾ ಕೋಲೂರಿ ನಿಂತು ತುಂಬ ಹೊತ್ತು ನೋಡಿದರು. "ಇದನ್ನು ಯಾರೂ ಒತ್ತೆ ಇಡಲಾರರು" ಎಂದು ನಕ್ಕು, ಚಹಾ ಕುಡಿಯೋಣ ನಡೆಯಿರಿ ಎಂದರು.