ಕೋಟೆಯ ಮಣ್ಣು ಕೊಟ್ಟ ಕಪ್ಪು

ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ಹೊರಟು, ಕೆಂಪು ಬಾಳೆಯ ಕಮಲಾಪುರ, ಹುಮನಾಬಾದ್ ದಾಟಿದರೆ ಬೀದರ್. ಇಲ್ಲಿನ ಬಿದರಿ ಕಲೆ ಹಿಂದೆ ಕತ್ತಿಯ ಹಿಡಿಗಳನ್ನೂ ಸಿಂಗರಿಸಿತ್ತು. ಬಿದರಿಯ ಕಪ್ಪು ಬಳಿದ ಬಣ್ಣವಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಲೋಹದ ಮೇಲ್ಮೈ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಅಲಂಕಾರದ ಉಕ್ಕಿನ ಅಲಗಿಗೆ ನೀಲಿ ಬರುವುದೂ ಮೇಲ್ಮೈಯಲ್ಲೇ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮೂಡುವ ಆಕ್ಸೈಡಿನ ಪೊರೆ ಅದು, ಕೂದಲಿಗಿಂತ ಬಹಳ ತೆಳು.

ಆದ್ದರಿಂದ ಪಾಲಕರೇ, ಆಯುಧಪೂಜೆಗೆಂದು ಇವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಬಣ್ಣ ಹೋದರೆ ಮನೆಯಲ್ಲಿ ಮರಳಿ ತರಲಾಗದು. ಬಿದರಿಗೆ ಮೆತ್ತನೆ ಬಟ್ಟೆ, ಒಂದು ಹನಿ ಕೊಬ್ಬರಿ ಎಣ್ಣೆ. ಉಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ. ಇಷ್ಟು ಸಾಕು.